ಒಳ್ಳೆಯವರು ಎನ್ನದ ಊರು

ಮೂವರು ಗುಡಾರದ ಹಗ್ಗ ಬಿಚ್ಚಿ ಎಳೆಯುತ್ತಿದ್ದಾಗ ಝೊಲ್ದೋಶ್ ಓಡಿಬಂದು ಗೂಟದ ಮೇಲೆ ಕಾಲಿಟ್ಟು ನಿಂತ.

“ಅಲ್ಲಾಡಿಸ್ಬೇಡಿ ಇದನ್ನ.”

ಗುಡಾರ ವಾರೆಯಾಗಿದೆ, ಬಾಗಿಲು ಬೇಲಿಗೆ ಮುಖ ಮಾಡಿದೆ, ಹೆಣ ನೇರವಾಗಿ ಹೊರಬರಬೇಕು, ಮೂರು ಮೊಳ ಎಡಕ್ಕೆ ಸರಿಸಿದರೆ ಸಾಕು ಎಂದು ಹಿರಿಯರು ಹೇಳಿದ್ದರು. ಝೊಲ್ದೋಶ್ ಅರಣ್ಯದ ಕಾವಲುಗಾರ, ಐವತ್ತೈದು ದಾಟಿದವನು. ಅವನು ಬೂಟಿನ ತುದಿಯಿಂದ ಎಡಗಡೆಯ ಮಣ್ಣಿನ ದಿಬ್ಬವನ್ನು ತೋರಿಸಿದ. ಇರುವೆ ಗೂಡು.

“ಮಂಗಳವಾರ ಎಜೆ ಇಲ್ಲೇ ನಿಂತು ಹಾಕ್ಸಿದ್ದು. ಗೂಡಿನ ಮೇಲೆ ಹಾಕೋದಾದ್ರೆ ನನ್ನ ಹೆಣದ ಮೇಲೆ ಹಾಕಿ ಅಂದ್ರು.”

“ಈಗ ಹೆಣ ಒಳಗೇ ಇದೆಯಲ್ಲೋ,” ಎಂದ ಒಬ್ಬ ಮುದುಕ.

ಯಾರೋ ನಕ್ಕರು. ಒಳಗೆ ಹೆಂಗಸರ ಅಳು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಹಗ್ಗ ಹಿಡಿದವರು ಅದನ್ನು ತಿರುಗಿ ಗೂಟಕ್ಕೇ ಕಟ್ಟಿದರು.

ಬಾಗಿಲ ಪಕ್ಕದಲ್ಲಿ ಕೋಲೂರಿ ನಿಂತಿದ್ದ ಮೆಲಿಸ್ ಇದನ್ನೆಲ್ಲ ನೋಡುತ್ತಿದ್ದ. ಸತ್ತವಳು ಅವನ ತಾಯಿ ಬುರುಲ್, ಎಂಬತ್ತೊಂದು ವರ್ಷ. ನಲವತ್ತು ವರ್ಷ ಊರ ಶಾಲೆಯಲ್ಲಿ ಪಾಠ ಹೇಳಿದವಳು. ಅಕ್ಕ ಎನ್ನುವ ಹಾಗೆ ಊರೆಲ್ಲ ಅವಳನ್ನು ಎಜೆ ಎನ್ನುತ್ತಿತ್ತು. ಬಿಳಿ ಕಂಬಳಿಯ ಈ ಗುಡಾರವನ್ನು ಎಬ್ಬಿಸಿದ್ದು ಸಾವಿಗಲ್ಲ. ರಾಜಧಾನಿಯಿಂದ ಅವಳಿಗೊಂದು ಪ್ರಶಸ್ತಿ ಬಂದಿತ್ತು, ಪರಿಸರದ ಪಾಠ ಚೆನ್ನಾಗಿ ಕಲಿಸಿದ್ದಕ್ಕೆ. ಶುಕ್ರವಾರ ಔತಣ ಎಂದು ಗೊತ್ತಾಗಿತ್ತು. ಬುಧವಾರ ನಸುಕಿನಲ್ಲಿ ಅವಳು ಏಳಲಿಲ್ಲ. ಗುಡಾರ ಅದೇ, ಕುದುರೆ ಮಾಂಸದ ಕಡಾಯಿ ಅದೇ, ಎರವಲು ತಂದ, ಚಹಾಕ್ಕೆ ನೀರು ಕಾಯಿಸುವ ಆರು ಸಮೊವಾರಗಳೂ ಅವೇ. ಶುಕ್ರವಾರ ಕೂಡ ಅದೇ.

ಮೆಲಿಸ್‌ಗೆ ಅಳು ಬರುತ್ತಿರಲಿಲ್ಲ, ಭಯವಾಗುತ್ತಿತ್ತು. ನಮಾಜು ಮುಗಿದ ಮೇಲೆ ಮೌಲ್ವಿ ಜನರ ಕಡೆ ತಿರುಗಿ ಮೂರು ಸಲ ಕೇಳುತ್ತಾರೆ, ಇವರು ಹೇಗಿದ್ದರು ಅಂತ. ಒಳ್ಳೆಯವರಾಗಿದ್ದರು ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಬೇಕು. ಆ ದನಿ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಊರು ಮರೆಯುವುದಿಲ್ಲ. ಎರಡು ವರ್ಷದ ಹಿಂದೆ ಹಿಟ್ಟಿನ ಗಿರಣಿಯವನು ಸತ್ತಾಗ ಉತ್ತರ ತೆಳ್ಳಗೆ ಬಂದಿತ್ತು. ಅವನ ಮಕ್ಕಳು ಈಗಲೂ ಚಹಾದಂಗಡಿಯಲ್ಲಿ ಗೋಡೆಗೆ ಮುಖಮಾಡಿ ಕೂರುತ್ತಾರೆ.

ಅಮ್ಮನೋ, ಅರ್ಧ ಊರಿನ ಮೇಲೆ ದೂರು ಬರೆದವಳು. ಅಕ್ರೋಟ್ ಮರದ ಬೆಲೆಬಾಳುವ ಗಂಟು ಕಡಿದು ಮಾರುತ್ತಿದ್ದ ಕುಬತ್‌ನ ಲಾರಿ ಅವಳಿಂದಲೇ ಪೊಲೀಸರ ಪಾಲಾಗಿತ್ತು. ಅವಳ ಚಿಕ್ಕಪ್ಪನ ಮಗನೇ ಆದರೂ ಹತ್ತೊಂಬತ್ತು ವರ್ಷ ಅವಳೊಡನೆ ಅವನು ಮಾತಾಡಿರಲಿಲ್ಲ. ಇವತ್ತು ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅಷ್ಟು ಮುಂದೆ ಕೂತವನು ಬಾಯಿ ತೆರೆಯದಿದ್ದರೂ ಎಲ್ಲರಿಗೂ ಕಾಣುತ್ತದೆ.

ಹತ್ತೂವರೆಗೆ ಒಂದು ಕಾರು ಬಂತು. ಇಳಿದವನು ಕೋಟು ತೊಟ್ಟ ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಪೆಟ್ಟಿಗೆ, ಕೈಯಲ್ಲಿ ಹೂವಿನ ಕಟ್ಟು. ಗುಡಾರ, ಹಬೆಯಾಡುವ ಕಡಾಯಿ, ಅಂಗಳದ ತುಂಬ ಜನ, ಎಲ್ಲ ನೋಡಿ ಅವನ ಮುಖ ಅರಳಿತು. ಯಾರೇ ಹೊಸಬರು ಹತ್ತಿರ ಬಂದರೂ ಮಗನಾದವನು ಗಟ್ಟಿಯಾಗಿ ಅಳಬೇಕೆಂಬುದು ರೂಢಿ. ಮೆಲಿಸ್ ಕೋಲಿನ ಮೇಲೆ ಬಾಗಿ, ನನ್ನಮ್ಮಾ, ನನ್ನ ಬೆಟ್ಟವೇ ಎಂದು ದನಿಯೆತ್ತಿದ. ಬಂದವನು ಓಡಿಬಂದು ಅವನನ್ನು ತಬ್ಬಿಕೊಂಡ.

“ಸಂತೋಷಕ್ಕೆ ಅಳು ಬರುತ್ತೆ ಬಿಡಿ. ನಮ್ಮ ಆಫೀಸಲ್ಲೂ ಎಲ್ಲರಿಗೂ ಹೀಗೇ ಆಯ್ತು,” ಎಂದ. “ಎಲ್ಲಿ ಎಜೆ? ಒಳಗಿದಾರಾ?”

“ಒಳಗೇ ಇದಾರೆ,” ಎಂದ ಝೊಲ್ದೋಶ್.

ನಿವೃತ್ತ ಮುಖ್ಯೋಪಾಧ್ಯಾಯ ಶಾರಿಪ್ ತಲೆ ಮೇಲೆ ಕೈಯಿಟ್ಟುಕೊಂಡ. ರಾಜಧಾನಿಗೆ ಸುದ್ದಿ ತಿಳಿಸುವುದನ್ನು ಅವನೇ ಮರೆತಿದ್ದ.

*

ಶಾರಿಪ್ ಹನ್ನೆರಡು ಸಲ ಅವಳ ಹೆಸರಲ್ಲಿ ಅರ್ಜಿ ತುಂಬಿದ್ದ. ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: ಎಷ್ಟು ಸಸಿ ನೆಡಿಸಿದ್ದೀರಿ? ಪಕ್ಕದ ಕಣಿವೆಯ ಶಾಲೆಯವರು ಎರಡು ಸಾವಿರ ಎಂದು ಬರೆದು ಗಡಿಯಾರ ಗೆದ್ದಿದ್ದರು. ಬುರುಲ್ ಪ್ರತಿ ಸಲವೂ ಪೆನ್ನು ಕಸಿದುಕೊಂಡು ಸೊನ್ನೆ ಬರೆಯುತ್ತಿದ್ದಳು.

“ಒಂದಿನ್ನೂರು ಅಂತಾದ್ರೂ ಬರೀರಿ ಎಜೆ. ಯಾರು ಬಂದು ಎಣಿಸ್ತಾರೆ?”

“ಈ ಕಾಡಲ್ಲಿ ಅಕ್ರೋಟ್ ಬಿತ್ತೋದು ಯಾರು? ಕಾಯನ್ನ ಮಣ್ಣಲ್ಲಿ ಹೂತಿಟ್ಟು ಮರೆಯೋ ಹಕ್ಕಿ. ಪ್ರಶಸ್ತಿ ಅದಕ್ಕೆ ಕೊಡ್ಲಿ. ನಾನು ಮಕ್ಕಳನ್ನ ಮರದ ಕೆಳಗೆ ಸುಮ್ನೆ ಕೂರಿಸ್ದೆ, ಅಷ್ಟೇ.”

ನಿಜವಾಗಿಯೂ ಅಷ್ಟೇ. ಮೂರನೇ ತರಗತಿಗೆ ಬಂದ ಪ್ರತಿ ಮಗುವಿಗೂ ಅವಳು ಒಂದು ಮರ ಕೊಡುತ್ತಿದ್ದಳು. ವಾರಕ್ಕೊಮ್ಮೆ ಅದರ ಕೆಳಗೆ ಒಂದು ಗಂಟೆ ಕೂತು ಬಂದು, ಏನು ಕಂಡೆ ಅಂತ ಹೇಳಬೇಕು. ಹತ್ತು ವರ್ಷದ ಝೊಲ್ದೋಶ್ ಮೊದಲ ದಿನ ಬಂದು, ಮರ ಒಳ್ಳೆಯದಾಗಿದೆ ಎಂದಿದ್ದ. ಅವಳು ವಾಪಸು ಕಳಿಸಿದಳು. ಚೆಂದವಾಗಿದೆ ಎಂದ. ಮತ್ತೆ ಕಳಿಸಿದಳು. ಮೂರನೆಯ ಸಲ ಅವನು ಅಳುತ್ತಾ ಬಂದು, ತೊಗಟೆಯ ಸೀಳಿನಲ್ಲಿ ಒಂದು ಜೇಡ ಇದೆ, ಅದಕ್ಕೆ ಏಳೇ ಕಾಲು ಎಂದ. ಅವಳು ಮೇಜಿನಿಂದ ಒಂದು ಅಕ್ರೋಟ್ ತೆಗೆದು, ಬಾಗಿಲ ಸಂದಿಯಲ್ಲಿಟ್ಟು ಒಡೆದು, ಅವನಿಗೆ ಕೊಟ್ಟಳು. ಅವಳ ಶಾಲೆಯಲ್ಲಿ ಇದ್ದ ಪ್ರಶಸ್ತಿ ಅದೊಂದೇ.

“ಒಳ್ಳೇದು ಅಂತ ಕಣ್ಣು ಮುಚ್ಕೊಂಡೂ ಹೇಳ್ಬಹುದು,” ಎಂದಿದ್ದಳು. “ನನ್ನ ಮುಂದೆ ಆ ಮಾತು ಬೇಡ.”

ಹನ್ನೆರಡನೆಯ ಅರ್ಜಿಯಲ್ಲಿ ಸೊನ್ನೆಯ ಪಕ್ಕ ಹಕ್ಕಿಯ ವಿಷಯವನ್ನೂ ಅವಳೇ ಬರೆದಳು. ಎರಡು ತಿಂಗಳಿಗೆ ಒಪ್ಪಿಗೆಯ ಕಾಗದ ಬಂತು. ಶಾರಿಪ್ ಏದುಸಿರು ಬಿಡುತ್ತಾ ಅದನ್ನು ತಂದುಕೊಟ್ಟಾಗ ಅವಳು ಈರುಳ್ಳಿ ಪಾತಿಯಿಂದ ತಲೆಯೆತ್ತದೆ, ಅಲ್ಲಿಡು ಎಂದಳಂತೆ. ಶಾರಿಪ್‌ಗೆ ಅವತ್ತಿನಿಂದ ಒಂದು ಕೊರಗು. ತಾನು ಹನ್ನೆರಡು ವರ್ಷ ಅವಳಿಗೆ ಬೇಡವಾದದ್ದನ್ನು ಅವಳ ಮೇಲೆ ಹೇರಿದೆನೇನೋ ಎಂದು.

*

ಹೆಣ ಹೊತ್ತವರು ಇರುವೆ ಗೂಡನ್ನು ಬಳಸಿಕೊಂಡು ಹೊರಬಂದರು. ಗಂಡಸರು ಸಾಲಾಗಿ ನಿಂತರು. ಹೆಂಗಸರು ಗುಡಾರದ ಒಳಗೇ ಉಳಿದರು. ಪ್ರಶಸ್ತಿ ತಂದಿದ್ದ ರಾಜಧಾನಿಯ ಎರ್ಕಿನ್, ಈಗ ಎಲ್ಲ ತಿಳಿದು ಕಿವಿಯವರೆಗೂ ಕೆಂಪಾಗಿ, ಹಿಂದಿನ ಸಾಲಿನಲ್ಲಿ ನಿಂತಿದ್ದ. ಅವನ ಕೈಯಲ್ಲಿ ಓದಲು ತಂದ ಪ್ರಶಂಸಾಪತ್ರವಿತ್ತು.

ನಮಾಜು ಮುಗಿಯಿತು. ಮೌಲ್ವಿ ಇಲ್ಯಾಸ್ ಹೊಸಬ, ಬಯಲುಸೀಮೆಯವನು, ಬಂದು ಆರು ತಿಂಗಳಾಗಿತ್ತು. ಅವನು ಜನರ ಕಡೆ ತಿರುಗಿದ.

“ಈ ತಾಯಿ ಹೇಗಿದ್ದರು?”

ಯಾರೂ ಮಾತಾಡಲಿಲ್ಲ.

ಮೆಲಿಸ್ ಕೋಲನ್ನು ಬಿಗಿಯಾಗಿ ಊರಿದ. ಅವನು ತಲೆಯೆತ್ತಿ ನೋಡಿದ. ಝೊಲ್ದೋಶ್ ಬಾಯಿ ತೆರೆದು ಮುಚ್ಚಿದ. ಅವನ ಪಕ್ಕದ ಕಟುಕನೂ ಹಾಗೆಯೇ, ಮೀನಿನ ಹಾಗೆ ಬಾಯಿ ಬಿಡುತ್ತಿದ್ದ. ಒಳ್ಳೆಯವರು ಎಂಬ ಮಾತು ಎಲ್ಲರ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತ್ತು. ಅವಳೆದುರು ಯಾರೂ ಅದನ್ನು ಆಡಿದವರಲ್ಲ. ಅವಳೋ ಈಗಲೂ ಅಲ್ಲೇ, ಎರಡು ಮಾರು ದೂರದಲ್ಲಿ, ಮಲಗಿದ್ದಳು.

ಮೌಲ್ವಿ ಗಂಟಲು ಸರಿಮಾಡಿಕೊಂಡು ಎರಡನೆಯ ಸಲ ಕೇಳಿದ. ದನಿಯಲ್ಲಿ ಬೇಡಿಕೆಯಿತ್ತು.

ಮುಂದಿನ ಸಾಲಿನಲ್ಲಿ ಕುಬತ್ ಟೋಪಿ ಸರಿಪಡಿಸಿಕೊಂಡ.

“ನಾನು ಅವಳ ಶಾಲೆಗೆ ಹೋದವನಲ್ಲ,” ಎಂದ. “ಆದ್ರೆ ಒಂದು ಕಂಡಿದೀನಿ, ಹೇಳ್ತೀನಿ. ಜನವರಿ ತಿಂಗಳು. ಮರ ಕಡಿಯೋಕೆ ಹೋದ್ರೆ ಇವಳು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ಲು. ಹೋಗ್ತಾಳೆ ಅಂತ ನಾನು ಲಾರೀಲಿ ಕೂತೆ. ಬೆಳಗಿಂದ ಸಂಜೆವರೆಗೆ ಹೋಗ್ಲಿಲ್ಲ. ಮಧ್ಯಾಹ್ನ ಕಿಟಕಿ ಬಡಿದು ಫ್ಲಾಸ್ಕಲ್ಲಿ ಚಹಾ ಕೊಟ್ಲು, ಚಳಿಗೆ ಸತ್ತುಹೋಗ್ತೀಯ ಕುಡಿ ಅಂತ. ಕುಡ್ದೆ. ನಾನು ಕುಡೀತಿರೋವಾಗ ಹಿಂದುಗಡೆ ಹೋಗಿ ಲಾರಿ ನಂಬರ್ ಬರ್ಕೊಂಡ್ಲು.”

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬಂತು. ಕುಬತ್ ನಗಲಿಲ್ಲ. “ಸಕ್ಕರೆ ಸರಿಯಾಗಿ ಹಾಕಿದ್ಲು,” ಎಂದು ಸೇರಿಸಿದ.

ಆಮೇಲೆ ತಡೆಯುವವರಿಲ್ಲದಾಯಿತು. ಕಟುಕ ತಾನು ಕಂಡದ್ದು ಹೇಳಿದ, ಹಾವಿನ ಮರಿ ರಸ್ತೆ ದಾಟಲೆಂದು ಅವಳು ಶಾಲೆಯ ಬಸ್ಸನ್ನೇ ನಿಲ್ಲಿಸಿದ್ದನ್ನು. ಝೊಲ್ದೋಶ್ ಏಳು ಕಾಲಿನ ಜೇಡದ ಕತೆ ಹೇಳಿದ. ಅದು ಎಲ್ಲರಿಗೂ ಗೊತ್ತಿದ್ದರೂ ಎಲ್ಲರೂ ಕೇಳಿದರು. ಗುಡಾರದ ಕಂಬಳಿಯ ಹಿಂದಿನಿಂದ ಹೆಣ್ಣುದನಿಯೊಂದು ಬಂತು. ಅಂಚೆಯ ಉಮ್ಸುನಾಯ್.

“ನಾನೂ ಹೇಳ್ಬೇಕು ಮೌಲ್ವಿಗಳೇ.”

ಹೆಂಗಸರು ಈ ಹೊತ್ತಿನಲ್ಲಿ ಮಾತಾಡುವ ಪದ್ಧತಿಯಿಲ್ಲ ಎಂದು ಮೌಲ್ವಿ ಹೇಳುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು: ತನ್ನ ಗಂಡ ತೀರಿಕೊಂಡ ವರ್ಷ ಎಜೆ ಬಂದು ಒಂದು ಸಮಾಧಾನದ ಮಾತೂ ಆಡದೆ, ತನ್ನನ್ನು ಎಳೆದುಕೊಂಡು ಹೋಗಿ ತನ್ನ ಮೂರನೇ ತರಗತಿಯ ಮರದ ಕೆಳಗೆ ಕೂರಿಸಿದಳು, ಮೇಲೆ ಅಳಿಲು ಮರಿಗಳಿದ್ದವು, ನಾಲ್ಕು.

ಮೌಲ್ವಿ ಅಸಹಾಯಕನಾಗಿ ಮೆಲಿಸ್‌ನನ್ನು ನೋಡಿದ. ಮೂರನೆಯ ಸಲ ಕೇಳುವುದು ಬಾಕಿಯಿತ್ತು. ಅವನು ಅದನ್ನು ಮಗನನ್ನೇ ಕೇಳಿದ, ಮೆಲ್ಲಗೆ, ನಿಜವಾಗಿ ತಿಳಿಯಬೇಕೆಂಬಂತೆ.

“ಹೇಗಿದ್ದರು?”

ಮೆಲಿಸ್ ಶಾರಿಪ್ ನಿಂತಿದ್ದ ಕಡೆ ತಿರುಗಿದ.

“ಪ್ರಶಸ್ತಿ ಕಾಗದ ಬಂದ ದಿನ,” ಎಂದ, “ಅಮ್ಮ ಕೋಣೆ ಬಾಗಿಲು ಹಾಕ್ಕೊಂಡು ಹಬ್ಬಕ್ಕೆ ತಲೆಗೆ ಕಟ್ಟೋ ಬಿಳಿ ರುಮಾಲಿಗೆ ಇಸ್ತ್ರಿ ಹಾಕಿದ್ಲು. ಮಡಚಿಟ್ಲು. ಮತ್ತೆ ಬಿಡಿಸಿ ಹಾಕಿದ್ಲು. ಮೂರು ಸಲ. ನಾನು ಸಂದಿಯಿಂದ ನೋಡ್ದೆ.”

ಶಾರಿಪ್ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಪಕ್ಕದವರಿಗೂ ತಿಳಿಯಲಿಲ್ಲ. ಹೆಣ ಎತ್ತಲು ಮೊದಲು ಕೈಹಾಕಿದವನು ಕುಬತ್.

*

ಮಣ್ಣು ಮಾಡಿ ಬಂದ ಮೇಲೆ ಊಟ. ತುಂಬು ಬಾಳು ಬಾಳಿದವರು ಸತ್ತರೆ ಬಟ್ಟೆ ಹರಿದು ಚೂರು ಚೂರಾಗಿ ಹಂಚುತ್ತಾರೆ, ತೆಗೆದುಕೊಂಡವರಿಗೂ ಅಷ್ಟೇ ಆಯುಷ್ಯ ಬರಲೆಂದು. ಉಮ್ಸುನಾಯ್ ಹೂವಿನ ಚಿತ್ತಾರದ ಬಟ್ಟೆಯನ್ನು ಹಲ್ಲಿಂದ ಕಚ್ಚಿ ಪರ್ರನೆ ಹರಿದು ಹಂಚುತ್ತಿದ್ದಳು. ಜನ ಮೈಮೇಲೆ ಬಿದ್ದು ಇಸಿದುಕೊಳ್ಳುತ್ತಿದ್ದರು. ಮೌಲ್ವಿ ಎರಡು ಚೂರು ಕೇಳಿ ಬೈಸಿಕೊಂಡ.

ಎರ್ಕಿನ್ ಪೆಟ್ಟಿಗೆ ತೆರೆದಿದ್ದ. ಒಳಗಿದ್ದದ್ದು ಗಾಜಿನ ಎಲೆ, ಅಂಗೈಯಗಲ. ಝೊಲ್ದೋಶ್ ಅದನ್ನು ಬಿಸಿಲಿಗೆ ಹಿಡಿದು ನರಗಳನ್ನು ಎಣಿಸಿ, ಇಂಥ ಎಲೆ ಬಿಡುವ ಮರ ಈ ಕಾಡಲ್ಲಂತೂ ಇಲ್ಲ ಎಂದು ವಾಪಸು ಕೊಟ್ಟ. ಪ್ರಶಂಸಾಪತ್ರದಲ್ಲಿ ಅತ್ಯುತ್ತಮ ಎಂಬ ಮಾತು ನಾಲ್ಕು ಕಡೆ ಇತ್ತು. ಎರ್ಕಿನ್ ಅದನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡಿದ್ದ. ಅದನ್ನು ಓದಿ ಎಂದು ಯಾರೂ ಕೇಳಲಿಲ್ಲ.

ಉಮ್ಸುನಾಯ್ ಬಟ್ಟೆಯ ಚೂರು ಹಿಡಿದು ಅವನನ್ನು ಹುಡುಕಿದಾಗ ಅವನು ಗುಡಾರದ ಎಡಗಡೆ ಕೂತಿದ್ದ, ಇರುವೆ ಗೂಡಿನ ಮುಂದೆ.

“ಏನು ಕಂಡ್ರಿ?” ಎಂದಳು.

“ಚೆನ್ನಾಗಿ ಕೆಲಸ ಮಾಡ್ತವೆ.”

ಅವಳು ಚೂರನ್ನು ಕೊಡದೆ ಶಾಲಿನೊಳಗೆ ಹಿಂದಕ್ಕೆಳೆದುಕೊಂಡಳು.

ಅವನು ಕೋಟು ಬಿಚ್ಚಿ ನೆಲಕ್ಕೆ ಹಾಸಿ, ಗಾಜಿನ ಎಲೆಯನ್ನು ಪಕ್ಕದಲ್ಲಿಟ್ಟು, ಮೊಣಕೈಯೂರಿ ಬಾಗಿದ. ಕಡಾಯಿಯ ಬಳಿಯಿಂದ ಕರಿದ ರೊಟ್ಟಿಯ ತುಣುಕೊಂದನ್ನು ಹೊತ್ತು ಇರುವೆಗಳ ಸಾಲು ಬರುತ್ತಿತ್ತು. ಎಲೆಯ ಹತ್ತಿರ ಬಂದು ಸಾಲು ತುಸು ನಿಂತಿತು. ಅರ್ಧ ಬಲಕ್ಕೆ ತಿರುಗಿದವು, ಅರ್ಧ ಎಡಕ್ಕೆ. ಒಂದು ಮಾತ್ರ ಗಾಜಿನ ಮೇಲೆ ಹತ್ತಿ, ಜಾರಿ, ಮತ್ತೆ ಹತ್ತಿ, ನಡುವಿನ ನರದ ಗುಂಟ ಹೊರಟಿತು. ಎರ್ಕಿನ್ ಉಸಿರು ಬಿಗಿಹಿಡಿದು ಅದರ ಕಾಲುಗಳನ್ನು ಎಣಿಸತೊಡಗಿದ.