ಪಾಸ್‌ಬುಕ್ಕಿನ ಮೊದಲ ಹೆಸರು

ಸೋಮವ್ವ ಪೇಢೆಯ ಪುಡಿಕೆ ಬಿಚ್ಚಿ ಏಜೆಂಟ್ ಸಾಹೇಬರ ಮೇಜಿನ ಮೇಲೆ ಇಟ್ಟಾಗ ಮುಂಬಯಿ ಘಾಟ್ಕೋಪರದ ಆ ಬ್ಯಾಂಕಿನಲ್ಲಿ ಇನ್ನೂ ಗಿರಾಕಿಗಳ ಗದ್ದಲ ಶುರುವಾಗಿರಲಿಲ್ಲ. ಬ್ಯಾಂಕಿನ ಮುಖ್ಯಸ್ಥರನ್ನು ಆಗ ಏಜೆಂಟ್ ಎಂದೇ ಕರೆಯುತ್ತಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿ ಪೇಢೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಕ್ಯಾ ಬಾಯಿ, ಘರ್ ಮೇಂ ಶಾದಿ ಹೈ?"

"ಶಾದಿ ನಹೀಂ ಸಾಹೇಬ್, ಭಾಯಿ ಕಾ..." ಎಂದು ಶುರುಮಾಡಿ ಸೋಮವ್ವ ಪಕ್ಕದಲ್ಲಿದ್ದ ಕ್ಲಾರ್ಕ್ ಸಿದ್ದಲಿಂಗಪ್ಪನ ಕಡೆ ತಿರುಗಿದಳು. "ನೀನ ಹೇಳೋ ತಮ್ಮಾ. ನನ್ನ ಹಿಂದಿ ಕೇಳಿದ್ರ ಸಾಹೇಬ್ರಿಗೆ ಪೇಢೆ ಗಂಟಲದಾಗ ಸಿಗತಾವು."

ಸಿದ್ದಲಿಂಗಪ್ಪ ಬೈಲಹೊಂಗಲದ ಕಡೆಯವನು. ಭಾನುವಾರಕ್ಕೊಮ್ಮೆ ಪವಾಯಿಗೆ ಬಂದು ಸೋಮವ್ವನ ಗುಡಿಸಲಿನ ಮುಂದೆ ಕೂತು ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡು ಹೋಗುವವನು. "ಏನಂತ ಹೇಳ್ಲಿ ಅಕ್ಕಾ?" ಎಂದ.

"ನಮ್ಮ ಅಣವೀರಗ ನೈರೋಬಿ ಸರಕಾರದವ್ರು ನೀ ನಮ್ಮಾವ ಅಂತ ಕಾಗದ ಕೊಟ್ಟಾರ. ಇನ್ನ ಅವನ ನೌಕರಿಗೆ ಯಾರೂ ಕೈ ಹಚ್ಚಂಗಿಲ್ಲಂತ."

ಸಿದ್ದಲಿಂಗಪ್ಪ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಸಾಹೇಬರ ಕಡೆ ತಿರುಗಿ, "ಭಾಯಿ ಕಾ ಪ್ರಮೋಷನ್ ಹುವಾ, ಸರ್" ಎಂದ.

"ಪ್ರಮೋಷನ್ ಅಲ್ಲೋ," ಸೋಮವ್ವ ನಕ್ಕಳು. "ನಿನಗೂ ತಿಳೀಲಿಲ್ಲೇನು?" ಸೆರಗಿನ ಗಂಟಿನಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಕೋಟು ಹಾಕಿದ ತಮ್ಮ, ಕೈಯಲ್ಲಿ ಮುದ್ರೆ ಒತ್ತಿದ ಕಾಗದ. ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡ ಶಬ್ದವನ್ನು ಎಲ್ಲಿಯೂ ತಪ್ಪದೆ ಹೇಳಿದಳು. "ಸಿಟಿಜನ್, ಸಾಹೇಬ್. ಕೇನ್ಯಾ ಕಾ ಸಿಟಿಜನ್."

ಸಾಹೇಬರು ಅರ್ಧ ಕಚ್ಚಿದ ಪೇಢೆಯನ್ನು ಕಾಗದದ ಮೇಲೆ ಇಟ್ಟರು. ಖಾತೆಯ ಲೆಡ್ಜರು ತರಿಸಿದರು. ಪುಟ ತಿರುವಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು ಸಿದ್ದಲಿಂಗಪ್ಪನಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಹೇಳುವಾಗ ಅವರೇನೂ ಸಿಟ್ಟಾಗಿರಲಿಲ್ಲ. ಪೇಢೆಯ ಪುಡಿಕೆಯನ್ನು ತಾವೇ ದಾರ ಕಟ್ಟಿ ಅವಳ ಕಡೆ ಸರಿಸಿದರು.

ಸಿದ್ದಲಿಂಗಪ್ಪ ಅವಳನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದ.

"ಅಕ್ಕಾ, ಈ ಖಾತೇದಾಗ ಮೊದಲನೇ ಹೆಸರು ಅಣವೀರಪ್ಪಂದು. ಎರಡನೇದು ನಿಂದು. ಮೊದಲನೇ ಹೆಸರಿನಾವ ಪರದೇಶದಾಗ ಇದ್ರ ಖಾತೇನೂ ಪರದೇಶದ್ದ ಆಗತೈತಿ. ರಿಜರ್ವ್ ಬ್ಯಾಂಕಿನವ್ರು ಹೂಂ ಅನ್ನೂತನಕ ರೊಕ್ಕ ತಗೀಲಿಕ್ಕೆ ಬರಂಗಿಲ್ಲ."

"ನಾ ಎಲ್ಲಿಗೆ ಹೋಗೀನೋ? ನಾ ಪವಾಯ್ಯಾಗ ಅದೀನಿ."

"ನೀ ಇದ್ರ ಏನ ಬಂತು. ಅಂವಾ ಹಡಗ ಹತ್ತಿದ ದಿನಾನ ಬ್ಯಾಂಕಿಗೆ ಹೇಳಬೇಕಿತ್ತು. ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ, ನಡದಿತ್ತು. ನಾ ಪ್ರಮೋಷನ್ ಅಂದೆ. ನೀ ಬಿಡಲಿಲ್ಲ."

ಸೋಮವ್ವ ಪುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಸುಳ್ಳ ಹೇಳತಿ ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಬ್ಯಾಂಕಿನಾಗ ಯಾರರೆ ಸುಳ್ಳ ಹೇಳತಾರೇನು?"

ಆ ಹಣ ಹುಟ್ಟಿದ್ದು ಹೀಗೆ. ಒಂಬತ್ತು ವರ್ಷದ ಹಿಂದೆ ಪವಾಯಿಯಲ್ಲಿ ದೊಡ್ಡ ಕಾಲೇಜಿನ ಕಟ್ಟಡಗಳು ಏಳುತ್ತಿದ್ದಾಗ ಸೋಮವ್ವನ ಗಂಡ ಭೀಮರಾಯ ಮೂರನೇ ಅಂತಸ್ತಿನ ಸಾರುವೆಯಿಂದ ಬಿದ್ದು ಸತ್ತ. ಕಂತ್ರಾಟದಾರ ಪರಿಹಾರಕ್ಕೆಂದು ಚೆಕ್ಕು ಕೊಟ್ಟ. ಚೆಕ್ಕಿಗೆ ಖಾತೆ ಬೇಕು, ಖಾತೆಗೆ ಸಹಿ ಬೇಕು. ಸೋಮವ್ವನಿಗೆ ಆಗ ಹೆಬ್ಬೆಟ್ಟು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ತಮ್ಮ ಅಣವೀರಪ್ಪ ಅದೇ ಕಂತ್ರಾಟದಾರನ ಆಫೀಸಿನಲ್ಲಿ ಕೂಲಿಗಳ ಹಾಜರಿ ಬರೆಯುವವನು. "ನಿನ್ನ ಹೆಬ್ಬಟ್ಟಿಗೆ ಪ್ರತಿ ಸರ್ತಿ ಇಬ್ಬರು ಸಾಕ್ಷಿ ಕೇಳತಾರ. ನನ್ನ ಹೆಸರು ಮುಂದ ಇರ್ಲಿ, ನಿಂದು ಹಿಂದ ಇರ್ಲಿ" ಎಂದ. ಇರಲಿ ಎಂದಳು. ಏಳು ವರ್ಷದವನಿದ್ದಾಗ ತಾಯಿ ಸತ್ತ ಮೇಲೆ ಅವನನ್ನು ಹಿಂದೆ ಮುಂದೆ ಎಂದು ನೋಡದೆ ಬೆಳೆಸಿದವಳು ಅವಳೇ. ವರ್ಷ ತುಂಬುವುದರೊಳಗೆ ಅವನು ಒಬ್ಬ ಇಂಜಿನಿಯರನ ಬೆನ್ನು ಹತ್ತಿ ನೈರೋಬಿಗೆ ಹೋದ.

ಆಮೇಲೆ ಸೋಮವ್ವ ಗಾರೆ ಹೊರುವುದನ್ನು ಬಿಟ್ಟು ರೊಟ್ಟಿ ತಟ್ಟಲು ಕೂತಳು. ಬಿಜಾಪುರ, ಕಲಬುರ್ಗಿ ಕಡೆಯ ಗೌಂಡಿಗಳು, ಕಲ್ಲು ಒಡೆಯುವವರು, ಮಧ್ಯಾಹ್ನಕ್ಕೆ ಮೂವತ್ತು ಜನ, ಸಂಜೆಗೆ ನಲವತ್ತು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಘಾಟ್ಕೋಪರಕ್ಕೆ ಬಂದು ಉಳಿದ ಹಣವನ್ನು ಖಾತೆಗೆ ಕಟ್ಟಿ ಹೋಗುತ್ತಿದ್ದಳು. ನಡುವೆ ಎರಡು ವರ್ಷ ಕೂಲಿ ಸಂಘದವರ ಶಾಲೆಗೆ ಹೋಗಿ ಓದು ಬರಹ ಕಲಿತಳು. ಹೆಬ್ಬೆಟ್ಟು ಬಿಟ್ಟು ಕನ್ನಡದಲ್ಲಿ 'ಸೋಮವ್ವ' ಎಂದು ಸಹಿ ಬರೆದ ದಿನ ಸಿದ್ದಲಿಂಗಪ್ಪ ಎದ್ದು ನಿಂತು ಕೈಮುಗಿದಿದ್ದ. ಆಗಲೂ ಮೊದಲ ಹೆಸರನ್ನು ತೆಗೆಸಬೇಕೆಂದು ಇಬ್ಬರಿಗೂ ತೋಚಲಿಲ್ಲ. ತಮ್ಮನ ಹೆಸರನ್ನು ಯಾಕೆ ತೆಗೆಸುತ್ತಾರೆ?

ಈಗ ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು. ಮಳೆಗಾಲ ಮುಗಿದ ಕೂಡಲೇ ಕೂಲಿಗಳ ಗುಡಿಸಲುಗಳನ್ನು ತೆಗೆಯುತ್ತೇವೆ ಎಂದು ನೋಟೀಸು ಅಂಟಿಸಿದ್ದರು. ಸಾಂತಾಕ್ರೂಜಿನ ಒಂದು ಚಾಳಿನಲ್ಲಿ ಪರಪ್ಪ ಎಂಬ ಮುದ್ದೇಬಿಹಾಳದವನು ತನ್ನ ಖೋಲಿ ಬಿಟ್ಟು ಊರಿಗೆ ಹೊರಟಿದ್ದ. ಎರಡು ಕಿಟಕಿ, ಒಳಗೇ ಬಚ್ಚಲ ಮೋರಿ, ಬಾಗಿಲ ಮುಂದೆ ಹತ್ತು ಜನ ಕೂತು ಉಣ್ಣುವಷ್ಟು ಜಗಲಿ. ಖೋಲಿ ಬಿಟ್ಟುಕೊಡುವುದಕ್ಕೆ ಪಗಡಿ ಹಣ ಎಷ್ಟೆಂದು ಮಾತಾಗಿತ್ತು. ಜೂನ್ ಮುಗಿಯುವುದರೊಳಗೆ ಕೊಡಬೇಕು. ಆ ದಿನ ಬ್ಯಾಂಕಿಗೆ ಬಂದಾಗ ಸೋಮವ್ವ ಪೇಢೆಯ ಜೊತೆಗೆ ಪಾಸ್‌ಬುಕ್ಕನ್ನೂ ತಂದಿದ್ದಳು.

ಏಜೆಂಟ್ ಸಾಹೇಬರು ಒಂದು ದಾರಿ ತೋರಿಸಿದರು. ಈ ಹಣ ನನ್ನದಲ್ಲ, ಅಕ್ಕನದು ಎಂದು ಅಣವೀರಪ್ಪ ನೈರೋಬಿಯಲ್ಲಿ ಭಾರತದ ಕಚೇರಿಯವರ ಎದುರು ಸಹಿ ಮಾಡಿ ಕಳಿಸಬೇಕು. ಅದನ್ನು ಬ್ಯಾಂಕಿನವರು ರಿಜರ್ವ್ ಬ್ಯಾಂಕಿಗೆ ಕಳಿಸುತ್ತಾರೆ. ಬಡ್ಡಿಗೆ ಟ್ಯಾಕ್ಸ್ ಬಾಕಿ ಇಲ್ಲ ಎಂಬ ಚೀಟಿಯೂ ಬೇಕು. ಸಿದ್ದಲಿಂಗಪ್ಪ ನಮೂನೆ ಟೈಪು ಮಾಡಿ ಕೊಟ್ಟ. ಸೋಮವ್ವ ಅದಕ್ಕೆ ತನ್ನ ಕೈಯಿಂದ ನಾಲ್ಕು ಸಾಲು ಸೇರಿಸಿದಳು: ಖೋಲಿ ನೋಡಿದ್ದೇನೆ, ಜೂನ್ ಒಳಗೆ ಬೇಕು, ಇಲ್ಲಿ ಸಹಿ ಹಾಕು, ಮಕ್ಕಳಿಗೆ ಆಶೀರ್ವಾದ.

ಟ್ಯಾಕ್ಸ್ ಆಫೀಸಿಗೆ ಹೋಗಲು ಒಂದು ದಿನದ ರೊಟ್ಟಿ ಬಿಟ್ಟಳು. ನಾಲ್ಕು ಮೇಜು ದಾಟಿ ಐದನೆಯದರ ಮುಂದೆ ನಿಂತಾಗ ಅಲ್ಲಿದ್ದವನು ಪಾಸ್‌ಬುಕ್ಕು ತಿರುವಿ ಮರಾಠಿಯಲ್ಲಿ ಕೇಳಿದ: ಈ ಹಣ ನಿಮ್ಮದೋ, ಭಾವೂನದೋ? ಮರಾಠಿಯ ಭಾವೂ ಎಂದರೆ ನಮ್ಮ ಭಾವನಲ್ಲ, ತಮ್ಮ ಎಂದು ಅವಳಿಗೆ ಗೊತ್ತಿತ್ತು. ತಮ್ಮನದು ಎಂದರೆ ಅವನೇ ಬಂದು ಅರ್ಜಿ ಕೊಡಬೇಕು. ನನ್ನದು ಎಂದರೆ ಒಂಬತ್ತು ವರ್ಷದ ಗಳಿಕೆಯ ಲೆಕ್ಕ ತರಬೇಕು.

"ಜ್ವಾಳದ ರೊಟ್ಟಿ ಮಾರೀನಪಾ," ಎಂದು ತನಗೆ ಬಂದ ಮರಾಠಿಯಲ್ಲಿ ಹೇಳಿದಳು.

"ಲೆಕ್ಕ?"

"ಉಂಡವ್ರು ಊರೂರಿಗೆ ಹೋದ್ರು. ಯಾರನ್ನ ಕರಕೊಂಡ ಬರ್ಲಿ?"

ಅವನು ಪಾಸ್‌ಬುಕ್ಕನ್ನು ಹಿಂದಕ್ಕೆ ಕೊಟ್ಟು, ಮೊದಲು ಹಣ ಯಾರದೆಂದು ನೀವೇ ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬನ್ನಿ ಎಂದ.

ಜೂನ್ ಮುಗಿಯಿತು. ಪರಪ್ಪ ಒಳ್ಳೆಯವನು, ಇನ್ನೂ ಹದಿನೈದು ದಿನ ಕಾಯುತ್ತೇನೆ ಎಂದ. ಗುಡಿಸಲಿನ ಸುತ್ತ ಕೆಸರು ಏರಿತು. ಪಕ್ಕದ ಗುಡಿಸಲಿನ ಚನ್ನವ್ವ ದಿನಾ ಬಂದು ಹೊಸ್ತಿಲಲ್ಲಿ ನಿಂತು, "ಕಾಗದ ಬಂತೇನಬೇ?" ಎಂದು ಕೇಳುವಳು. ಒಂದು ದಿನ, "ನಿನ್ನ ತಮ್ಮ ದೊಡ್ಡ ಮನಿಷ್ಯಾ ಆಗ್ಯಾನ, ಸಹಿ ಮಾಡಾಕೂ ಆಳ ಇಟ್ಟಿರಬೇಕು, ಅದಕ್ಕ ತಡಾ" ಎಂದಳು. ಸೋಮವ್ವ ಹಿಟ್ಟು ನಾದುತ್ತ, "ಅವ ಬರೀತಾನ. ನನ್ನ ಕೈಯಾಗ ಬೆಳದಾವ ಅಂವಾ" ಎಂದಳು.

ಜುಲೈ ಮೂರನೇ ವಾರ ಕಾಗದ ಬಂತು. ಲಕೋಟೆ ತೆಳ್ಳಗಿತ್ತು. ಸೋಮವ್ವ ಒಲೆಯ ಮುಂದೆ ಕೂತು ಅಕ್ಷರ ಅಕ್ಷರ ಕೂಡಿಸಿ ಎರಡು ಸಲ ಓದಿದಳು. ತನ್ನ ಓದಿನ ಮೇಲೆ ಅವಳಿಗೆ ಯಾವತ್ತೂ ಪೂರ್ತಿ ನಂಬಿಕೆ ಇರಲಿಲ್ಲ. ಮರುದಿನ ಬ್ಯಾಂಕಿಗೆ ಹೋಗಿ ಸಿದ್ದಲಿಂಗಪ್ಪನ ಕೈಗೆ ಕೊಟ್ಟಳು. "ನಾ ಓದಿದ್ದು ತಪ್ಪಿರಬೇಕು. ನೀ ಒಮ್ಮೆ ಓದು."

ಅವನು ದನಿ ತಗ್ಗಿಸಿ ಓದಿದ.

"ಮಾತೃಸಮಾನಳಾದ ಅಕ್ಕನಿಗೆ ಅಣವೀರಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಹಿಂದೂಸ್ಥಾನದ ಹಕ್ಕು ಬಿಟ್ಟು ಇಲ್ಲಿಯವನಾಗುವಾಗ ಹೊರಗೆ ಎಲ್ಲಿಯೂ ನನ್ನ ಹೆಸರಿನಲ್ಲಿ ಹಣವಿಲ್ಲ ಎಂದು ಬರೆದುಕೊಟ್ಟಿದ್ದೇನೆ. ಈಗ ಮುಂಬಯಿಯ ಖಾತೆಯ ಕಾಗದಕ್ಕೆ ಸಹಿ ಮಾಡಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ನೌಕರಿ ಹೋದೀತು, ಜೇಲೂ ಆದೀತು. ಮಕ್ಕಳು ಸಣ್ಣವು. ನೀನು ಕಳಿಸಿದ ನಮೂನೆಯನ್ನು ಸುಟ್ಟಿದ್ದೇನೆ. ಇನ್ನು ಮೇಲೆ ಬ್ಯಾಂಕಿನ ಮಾತು ಪತ್ರದಲ್ಲಿ ಬರೆಯಬೇಡ, ಇಲ್ಲಿ ಒಡೆದು ನೋಡುತ್ತಾರೆಂದು ಹೇಳುತ್ತಾರೆ. ಆ ಹಣದಲ್ಲಿ ನಾನು ಒಂದು ಪೈಸೆ ಕೇಳುವವನಲ್ಲ. ಅದು ನಿನ್ನದೇ ಎಂದು ನನಗೂ ಗೊತ್ತು, ನಿನಗೂ ಗೊತ್ತು, ದೇವರಿಗೂ ಗೊತ್ತು."

"ಹಂಗಾರ ಸರಿಯಾಗೇ ಓದೀನಿ," ಎಂದಳು ಸೋಮವ್ವ. ಕಾಗದ ಮಡಚಿ ಇಟ್ಟುಕೊಂಡಳು. "ಬ್ಯಾಂಕಿನವ್ರಿಗೆ ಬಿಟ್ಟು ಎಲ್ಲಾರಿಗೂ ಗೊತ್ತೈತಿ."

ಸಿದ್ದಲಿಂಗಪ್ಪ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

"ತಮ್ಮಾ, ಮತ್ತ ಈ ರೊಕ್ಕ ಯಾವಾಗ ಸಿಗತೈತಿ?"

"ಯಾವಾಗ ಅಂತ ಹೇಳ್ಲಿ ಅಕ್ಕಾ. ಬಡ್ಡಿ ಕೂಡತಿರತೈತಿ, ಟ್ಯಾಕ್ಸ್ ಹಿಡೀತಿರತಾರ. ಇಬ್ಬರಾಗ ಒಬ್ಬರು ತೀರಿಕೊಂಡ್ರ ಉಳದವ್ರಿಗೆ ಹೋಗತೈತಿ. ಅದೊಂದ ಬರದೈತಿ ಕಾಯ್ದೇದಾಗ."

ಸೋಮವ್ವ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದಳು.

"ಅವಗ ಮೂವತ್ತಾರು," ಎಂದಳು. "ನನಗ ಐವತ್ತೆರಡು."

ಅಲ್ಲಿಂದ ಅವಳು ಮನೆಗೆ ಹೋಗದೆ ಸಾಂತಾಕ್ರೂಜಿಗೆ ಹೋದಳು. ಪರಪ್ಪನ ಖೋಲಿಯ ಜಗಲಿಯ ಮೇಲೆ ಹೊಲಿಗೆ ಮಶೀನೊಂದನ್ನು ಇಳಿಸುತ್ತಿದ್ದರು. ಪರಪ್ಪ ಒಳಗಿಂದ ಬಂದವನು ಅವಳನ್ನು ಕಂಡು ಮುಖ ತಗ್ಗಿಸಿದ.

"ನಿನ್ನೆ ಸಂಜೀಕ ಬ್ಯಾರೇದವ್ರ ಜೋಡಿ ಮಾತಾತವ್ವಾ. ನಂದೂ ಟಿಕೀಟು ತಗದಾಗೈತಿ."

"ನೀ ಏನ ಮಾಡ್ತಿ. ನೀರ ಕುಡ್ಯಾಕ ಕೊಡು," ಎಂದಳು. ನಿಂತೇ ಕುಡಿದು, ತಂಬಿಗೆ ಕೊಟ್ಟು, ಲೋಕಲ್ ರೈಲಿಗೆ ನಡೆದಳು.

ಮುಂದಿನ ವಾರ ನಾಗರಪಂಚಮಿ. ಪವಾಯಿ ಕೆರೆಯ ಏರಿಯ ಹಿಂದೆ ಒಂದು ಹುತ್ತವಿತ್ತು. ಕೂಲಿ ಗುಡಿಸಲುಗಳ ಹೆಂಗಸರೆಲ್ಲ ಆ ದಿನ ಅಲ್ಲಿಗೇ ಹೋಗುತ್ತಿದ್ದರು. ಮಳೆ ಸ್ವಲ್ಪ ಹೊಳವಾಗಿತ್ತು. ಸೋಮವ್ವ ತಲೆ ತುಂಬ ಸೆರಗು ಹೊದ್ದು, ಅರಳು, ತಂಬಿಟ್ಟಿನ ಉಂಡೆ, ಗಿಂಡಿಯಲ್ಲಿ ಹಾಲು ಹಿಡಿದು ಚನ್ನವ್ವನ ಜೊತೆ ಹೋದಳು. ಹಿಂದಿನ ವರ್ಷಗಳಲ್ಲಿ ಅವಳ ದನಿಯೇ ಎಲ್ಲರಿಗಿಂತ ದೊಡ್ಡದು. ತವರಿನ ಒಬ್ಬೊಬ್ಬರ ಹೆಸರು ಹಿಡಿದು ಹಾಲೆರೆಯುವಳು.

ಕೊಬ್ಬರಿ ಬಟ್ಟಲಲ್ಲಿ ಹಾಲು ಎತ್ತಿಕೊಂಡು ಶುರುಮಾಡಿದಳು. "ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು." ಪ್ರತಿ ಸಲ ಹಾಲು ಕೆಂಪು ಮಣ್ಣಿನ ಮೇಲೆ ಹರಿದು ಇಂಗಿತು. "ಗಂಡನ ಪಾಲು" ಎಂದು ಭೀಮರಾಯನದನ್ನೂ ಎರೆದಳು.

ಆಮೇಲೆ ಬಟ್ಟಲು ಗಿಂಡಿಯೊಳಗೇ ಉಳಿಯಿತು.

"ಮುಂದ ಹೇಳಬೇ," ಹಿಂದಿನಿಂದ ಚನ್ನವ್ವ ಮೆಲ್ಲಗೆ ಅಂದಳು. "ತಮ್ಮಂದು ಉಳೀತು."

ಸೋಮವ್ವ ಕೈ ಎತ್ತಲಿಲ್ಲ. ಸಾಲಿನಲ್ಲಿ ಬೇರೆ ಹೆಂಗಸರು ಕಾಯುತ್ತಿದ್ದರು, ಒಂದು ಮಗು ತಂಬಿಟ್ಟಿಗೆ ಅಳುತ್ತಿತ್ತು. ಅವಳು ಪಕ್ಕಕ್ಕೆ ಸರಿದು, "ನೀ ಎರಿ" ಎಂದು ಚನ್ನವ್ವನಿಗೆ ಜಾಗ ಬಿಟ್ಟಳು.

ಮನೆಗೆ ಬಂದಾಗ ಕಲ್ಲು ಒಡೆಯುವವರು ನಾಲ್ಕು ಜನ ಗೋಣಿ ಹೊದ್ದುಕೊಂಡು ಹೊಸ್ತಿಲ ಹೊರಗೆ ಕೂತಿದ್ದರು. ಹಬ್ಬವೆಂದು ಅವರಿಗೆ ರಜೆ ಇರಲಿಲ್ಲ. ಸೋಮವ್ವ ಒದ್ದೆ ಸೆರಗು ಹಿಂಡಿ ಒಲೆ ಹೊತ್ತಿಸಿದಳು. ಚಹಾದ ನೀರು ಕುದಿಯುವತನಕ ಕಾದಳು. ಗಿಂಡಿಯಲ್ಲಿ ಉಳಿದ ಹಾಲನ್ನು ಮೂಸಿ ನೋಡಿದಳು, ಇನ್ನೂ ಕೆಟ್ಟಿರಲಿಲ್ಲ. ಅಷ್ಟನ್ನೂ ಚಹಾಕ್ಕೆ ಬಗ್ಗಿಸಿ, ಗಿಂಡಿಯನ್ನು ನೀರು ಹಾಕಿ ಅಲುಗಾಡಿಸಿ ಆ ನೀರನ್ನೂ ಪಾತೇಲಿಗೆ ಸುರಿದಳು.