ಡಬ್ಬಿ ಮುಚ್ಚಳ

ಸಮುದ್ರದ ತಳದಲ್ಲಿರುವ ಸೆನ್ಸರುಗಳಿಗೆ ಬೆಳಕಿನ ಮೂಲಕ ಮಾಹಿತಿ ಸಾಗಿಸುವ ಕೇಬಲ್ ಜೋಡಿಸಲು ಕನೆಕ್ಟರು ಬೇಕು. ಅದನ್ನು ಮಾಡುವ ಲ್ಯಾಬಿನಲ್ಲಿ ನಾನೂ ಇದ್ದೇನೆ, ನನ್ನ ಯಜಮಾನರೂ ಇದ್ದಾರೆ. ಹೋದ ವರ್ಷ ನಾನು ಮಾಡಿದ ಕನೆಕ್ಟರಿಗೆ ಇವರು ಇಟ್ಟ ಹೆಸರು ಡಬ್ಬಿ ಮುಚ್ಚಳ. ಅದನ್ನು ಪರೀಕ್ಷೆಯ ತೊಟ್ಟಿಗೆ ಇಳಿಸಲೂ ಬಿಡಲಿಲ್ಲ. ಈ ವರ್ಷದ್ದು ಇವರದೇ ಕೈಕೆಲಸ. ಹೊರಗಿನಿಂದ ನೋಡಿದರೆ ಎರಡೂ ಅವಳಿ ಜವಳಿ.

ಇವತ್ತು ಪರೀಕ್ಷೆ. ಎರಡೂ ಮೇಜಿನ ಮೇಲಿದ್ದವು. ಇವರು ತಮ್ಮದನ್ನು ಬಟ್ಟೆಯಲ್ಲಿ ಒರೆಸಿದರು, ಮತ್ತೆ ಒರೆಸಿದರು. ಒಂದು ಕಣ ಧೂಳು ಕೂತರೂ ಬೆಳಕು ಮಂಕಾಗುತ್ತದೆ, ನಿಜ. ಆದರೆ ಸ್ನಾನ ಮಾಡಿಸಿದ ಮಗುವನ್ನೂ ಯಾರೂ ಇಷ್ಟು ಒರೆಸುವುದಿಲ್ಲ. ಕೊನೆಗೊಮ್ಮೆ ಕನೆಕ್ಟರನ್ನು ತೊಟ್ಟಿಗಿಳಿಸಿ ಒತ್ತಡ ಏರಿಸಿದರು. ಸಮುದ್ರದ ತಳದಲ್ಲಿರುವಷ್ಟೇ ಒತ್ತಡ ಬಂದರೂ ಪರದೆಯ ಮೇಲಿನ ಬೆಳಕಿನ ಗೆರೆ ಅಲುಗಲಿಲ್ಲ.

ಇವರು ಕೂಡಲೇ ಸ್ಪೀಕರ್ ಹಾಕಿ ನನ್ನ ಅಮ್ಮನಿಗೆ ಫೋನ್ ಮಾಡಿದರು. “ಅತ್ತೆ, ಪಾಸಾಯ್ತು. ನಾನೇ ಹೇಳ್ಕೋಬಾರ್ದು, ಆದ್ರೂ ಇದನ್ನ ಮಾಡಿದ ಕೈಗೆ ಚಿನ್ನದ ಬಳೆ ತೊಡಿಸಬೇಕು.”

ಆಗ ನನ್ನ ಕಣ್ಣು ಇವರ ಅಂಗಿಯ ಜೇಬಿಗೆ ಹೋಯಿತು. ಒರೆಸುವ ಬಟ್ಟೆಯೊಳಗಿಂದ ಇವರ ಹೊಸ ಕನೆಕ್ಟರು ಇಣುಕುತ್ತಿತ್ತು.

ನಾನು ಒತ್ತಡ ಇಳಿಸಿದೆ. ತೊಟ್ಟಿಯಿಂದ ನನ್ನ ಡಬ್ಬಿ ಮುಚ್ಚಳವನ್ನು ಎತ್ತಿ ಇವರ ಮುಂದಿಟ್ಟೆ. ಇವರು ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡರು.

“ಯಾಕೆ ಅಳಿಯಂದ್ರೇ, ಮಾತೇ ನಿಂತುಹೋಯ್ತಲ್ಲ?” ಎಂದು ಫೋನಿನಲ್ಲಿ ಅಮ್ಮ ಕೇಳಿದಳು.

“ಬಳೆಗೆ ಅಳತೆ ತಗೋತಿದ್ದಾರೆ ಅಮ್ಮಾ,” ಎಂದು ನಾನು ಒದ್ದೆ ಕೈಯನ್ನು ಇವರ ಮುಂದೆ ಚಾಚಿದೆ.