ಎರಡು ಸಲ ಬಂದ ಸಾಲು

ಇಂಪನಾಗೆ ಚಿಕ್ಕಂದಿನಿಂದಲೂ ಉಗ್ಗು. ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬಂದು ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಮೀಟಿಂಗಿನಲ್ಲಿ ಅವಳ ಪರವಾಗಿ ಮಾತಾಡುತ್ತಿದ್ದವರು ಟೀಮ್ ಲೀಡ್ ಭಾನುಪ್ರಕಾಶ್. ಗುಬ್ಬಿ ಕಡೆಯವರು, ಒಳ್ಳೆಯ ಮನುಷ್ಯ. ಆದರೆ ಅವಳು ಒಂದು ಪದಕ್ಕೆ ತಡವರಿಸಿದರೆ ಸಾಕು, ತಾವೇ ಅದನ್ನು ಮುಗಿಸಿಬಿಡುತ್ತಿದ್ದರು.

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ, ಒಳಗೆ ಏನೇನು ನಡೆಯುತ್ತಿದೆ ಎಂದು ಜಾಡು ಹಿಡಿದು ಪಟ್ಟಿ ಕೊಡುವ ಕೋಡ್ ಇರುತ್ತದೆ. ಆ ಪಟ್ಟಿಯನ್ನು ಮಧ್ಯದಿಂದ ಓದಿಸಿದಾಗ ಒಮ್ಮೊಮ್ಮೆ ಕೊನೆಯ ಸಾಲು ಎರಡು ಸಲ ಬರುವುದನ್ನು ಇಂಪನಾ ಗಮನಿಸಿದಳು.

"ಒಂದ್ ಲೈನ್ ತಾನೇ, ಬುಡಮ್ಮ," ಎಂದರು ಭಾನುಪ್ರಕಾಶ್.

ಅವಳಿಗೆ ಬಿಡಲಾಗಲಿಲ್ಲ. ಕೋಡನ್ನು ಸಾಲು ಸಾಲಾಗಿ ಓದಿದಳು. ಕೊನೆಗೆ ಸಿಕ್ಕಿತು. ಎಲ್ಲಿಯವರೆಗೆ ಓದಿಯಾಯಿತು ಎಂಬ ಗುರುತನ್ನು ಪ್ರತಿ ಸಾಲಿಗೂ ಮುಂದಕ್ಕೆ ಸರಿಸಬೇಕಿದ್ದ ಕೋಡ್, ಪಟ್ಟಿ ಮುಗಿದಾಗ ಮಾತ್ರ ಸರಿಸದೆ ಹಿಂತಿರುಗುತ್ತಿತ್ತು. ಮತ್ತೆ ಕೇಳಿದರೆ, ಕೊನೆಯ ಸಾಲು ಇನ್ನೂ ಬಾಕಿ ಇದೆ ಎಂದುಕೊಂಡು ಅದನ್ನೇ ಕೊಡುತ್ತಿತ್ತು. ಗುರುತು ಸರಿಸುವ ಕೋಡಿನ ಸಾಲನ್ನು ಅವಳು, ಪಟ್ಟಿ ಮುಗಿಯಿತೇ ಎಂದು ನೋಡುವ ಸಾಲಿಗಿಂತ ಮೇಲಕ್ಕೆ ತಂದಳು. ತಪ್ಪು ಹೋಯಿತು.

ತಿದ್ದುಪಡಿಯನ್ನು ಕರ್ನಲ್ ನೋಡಿಕೊಳ್ಳುವವರಿಗೆ ಮೇಲ್ ಮಾಡಿದಳು. ಕಂಪನಿ ತಯಾರಿಸುವ ಸಾಧನಗಳಿಗೂ ಅದನ್ನು ಹಾಕುವ ಮೊದಲು ಎಲ್ಲರಿಗೂ ವಿವರಿಸಬೇಕು ಎಂದರು ಮಾಲೀಕ ಅನಂತಕೃಷ್ಣ.

"ನಾನೇ ಹೇಳ್ಲಾ?" ಭಾನುಪ್ರಕಾಶ್ ಮೆಲ್ಲಗೆ ಕೇಳಿದರು.

"ಬೇ... ಬೇಡ ಸರ್. ನಾನೇ ಹೇಳ್ತೀನಿ. ನಾನು ನಿಂತೋದ್ರೆ ಸ್ವಲ್ಪ ಕಾ... ಕಾಯಿರಿ, ಅಷ್ಟೆ."

ಬೋರ್ಡಿನ ಮುಂದೆ ನಿಂತಳು. ಆ ಗುರುತಿನ ಇಂಗ್ಲಿಷ್ ಹೆಸರಾದ 'ಪೊಸಿಷನ್' ಎನ್ನುವಲ್ಲಿ ನಾಲಿಗೆ ತಡೆಯಿತು. ಭಾನುಪ್ರಕಾಶ್ ತುಟಿ ಬಿಗಿಹಿಡಿದು ಕೂತರು. ಯಾರೂ ಆ ಪದ ಮುಗಿಸಿಕೊಡಲಿಲ್ಲ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಆಮೇಲೆ ಪದ ಬಂತು, ಅದರ ಹಿಂದೆ ಉಳಿದದ್ದೆಲ್ಲ ಬಂತು.

"ಇದ್ರಿಂದ ಬೇರೆ ಏನಾದ್ರೂ ಕೆಡುತ್ತೇನಮ್ಮಾ?" ಅನಂತಕೃಷ್ಣ ಕೇಳಿದರು.

"ಇಲ್ಲ ಸರ್. ಮೊದ್ಲಿಂದಾನೂ ಓದ್ಸಿದೀನಿ, ಮ... ಮಧ್ಯದಿಂದಾನೂ ಓದ್ಸಿದೀನಿ."

"ಹಂಗಾದ್ರೆ ಹಾಕ್ಬಿಡಿ."

ಆ ವಾರವೇ ಕರ್ನಲ್ ನೋಡಿಕೊಳ್ಳುವವರಿಂದ ಉತ್ತರ ಬಂತು. ತಿದ್ದುಪಡಿ ಸರಿಯಾಗಿದೆ, ನಿಮ್ಮ ಹೆಸರಿನಲ್ಲೇ ಸೇರಿಸಿಕೊಳ್ಳುತ್ತೇವೆ, ಇದೇ ತಪ್ಪು ಇನ್ನೂ ಕೆಲವು ಕಡೆ ಇರಬಹುದು, ನೋಡುವಿರಾ ಎಂದಿತ್ತು. ಇಂಪನಾ ಅದನ್ನು ಮತ್ತೆ ಮತ್ತೆ ಓದಿ, ಎದ್ದು ಭಾನುಪ್ರಕಾಶರ ಟೇಬಲ್ ಹತ್ತಿರ ಹೋದಳು.

"ಸರ್, ಇದೇ ತಪ್ಪು ಬೇರೆ ಕಡೇನೂ ಇರ್ಬೋದಂತೆ. ನೋಡಕ್ಕೆ ನಂಗೆ ಇನ್ನೂ ಸ್ವಲ್ಪ ಟೈಮ್ ಬೇ... ಬೇಕು."

ಅವರು ಪೂರ್ತಿ ಕೇಳಿಸಿಕೊಂಡು, ನಗುತ್ತಾ ಪಕ್ಕದ ಕುರ್ಚಿ ಎಳೆದರು. "ಕೂತ್ಕೊಳಮ್ಮ. ಯಾವ್ ಫೈಲು, ತೋರ್ಸು."